ಖಾಲಿ ಬ್ಯಾರೆಲ್ಲಿನ ಲೆಕ್ಕ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸವನ್ನು ನಾನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ಮಾರ್ಚ್ ಬಂತೆಂದರೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಫೈಲು ಹೊತ್ತುಕೊಂಡು ಬಿಸಿಲಿನಲ್ಲಿ ನಡೆಯಬೇಕು. ಒಳಗೆ ಬಂದ ಪ್ರತಿಯೊಂದು ವಸ್ತುವೂ ಯಾವುದಾದರೊಂದು ರೂಪದಲ್ಲಿ ಹೊರಗೆ ಹೋಗಿರಬೇಕು, ಇಲ್ಲವೇ ಸ್ಟೋರ್ಸಿನಲ್ಲಿ ಉಳಿದಿರಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ತಗಡಿನ ಹಾಳೆ ಪ್ಯಾನೆಲ್ ಬೋರ್ಡ್ ಆಗಿ ಲಾರಿ ಹತ್ತುತ್ತದೆ, ಕತ್ತರಿಸಿ ಮಿಕ್ಕ ಚೂರು ಗುಜರಿಯವನ ತಕ್ಕಡಿ ಏರುತ್ತದೆ, ನಟ್ಟು ಬೋಲ್ಟುಗಳನ್ನು ಕೂಡ ಡಬ್ಬಿಯಲ್ಲಿ ಎಣಿಸಿಟ್ಟಿರುತ್ತಾರೆ. ಹೀಗೆ ಒಂದಕ್ಕೊಂದು ತಾಳೆಯಾಗುವ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಯಾವುದರ ಜೊತೆಯೂ ತಾಳೆಯಾಗದೆ ನಿಲ್ಲುತ್ತದೆ, ಅದು ಬಣ್ಣವನ್ನು ತೆಳು ಮಾಡಲು ಬೆರೆಸುವ ಥಿನ್ನರಿನ ಸಾಲು. ಕರೆಂಟಿನ ಪ್ಯಾನೆಲ್ ಬೋರ್ಡುಗಳಿಗೆ ಬಣ್ಣ ಹೊಡೆದುಕೊಡುವ ಒಂದು ಘಟಕದಲ್ಲಿ ಒಮ್ಮೆ ವರ್ಷದ ಖರೀದಿ ಇಪ್ಪತ್ತಾರು ಬ್ಯಾರೆಲ್ ಇತ್ತು, ಕೊನೆಗೆ ಉಳಿದಿದ್ದು ಒಂದೂವರೆ. ಮಿಕ್ಕ ಇಪ್ಪತ್ತನಾಲ್ಕೂವರೆ ಬ್ಯಾರೆಲ್ ಯಾವ ಪ್ಯಾನೆಲ್ಲಿನ ಜೊತೆಗೂ ಗೇಟು ದಾಟಿರಲಿಲ್ಲ. ಒಣಗಿದ ಬಣ್ಣದಲ್ಲಿ ಥಿನ್ನರ್ ಉಳಿಯುವುದಿಲ್ಲ, ಉಳಿಯಬಾರದೆಂದೇ ಅದನ್ನು ಬೆರೆಸುವುದು. ಅದರ ಮುಂದೆ 'ಬಳಕೆ' ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿ, ಅಷ್ಟು ವರ್ಷ ನಾನೂ ಹಾಗೆಯೇ ಮಾಡಿದ್ದೆ.

ಆ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಕೆಲಸ ಮುಗಿಸಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಎದೆಯೊಳಗೆ ಸಣ್ಣದೊಂದು ಬಿಗಿತ ಕಾಣಿಸಿಕೊಂಡಿತು. ಉಸಿರನ್ನು ಪೂರ್ತಿ ಒಳಗೆಳೆದರೆ ಕೊನೆಯಲ್ಲಿ ಚುಳುಕ್ ಎನ್ನುತ್ತಿತ್ತು. ಪ್ಲಾಟ್‌ಫಾರ್ಮಿನಿಂದ ನೋಡಿದರೆ ಆಕಾಶ ನೀಲಿಯಾಗಿತ್ತು, ದೂರದ ನೀರಿನ ಟ್ಯಾಂಕಿನ ಮೇಲಿನ ಅಕ್ಷರಗಳೂ ಓದಲು ಬರುವಷ್ಟು ನಿಚ್ಚಳವಾಗಿತ್ತು. ಬೆಳಗಿನ ಹೊತ್ತು ತುಮಕೂರು ರಸ್ತೆಯ ಮೇಲೆ ಕವಿದಿರುವ ಬೂದು ಪರದೆ ಆಗ ಇರಲಿಲ್ಲ. ಅಮ್ಮನಿಗಾಗಿ ಮೊಬೈಲಿನಲ್ಲಿ ಇಟ್ಟುಕೊಂಡಿರುವ, ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ ತೆರೆದಾಗ ಪೀಣ್ಯದ ಕೇಂದ್ರದ ಹೆಸರಿನ ಕೆಳಗೆ ಪ್ರಮುಖ ಮಾಲಿನ್ಯಕಾರಕ ಓಝೋನ್ ಎಂದು ತೋರಿಸುತ್ತಿತ್ತು. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮನ ಕೆಮ್ಮು ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ, ಚಳಿ ಪೂರ್ತಿ ಹೋಗಿ ಬಿಸಿಲು ಚುರುಗುಟ್ಟುವ ಹೊತ್ತಿಗೆ ಜೋರಾಗುತ್ತಿತ್ತು. ಧೂಳಿಗೆ ಎಂದು ನಾವೆಲ್ಲ ತಿಳಿದಿದ್ದೆವು. ಅವರ ಕೆಮ್ಮಿಗೆ ಓಝೋನೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಧೂಳನ್ನೆಲ್ಲ ಹೊರಗಿಟ್ಟ ಮಧ್ಯಾಹ್ನಗಳಲ್ಲೂ ಅವರು ಎದೆ ಹಿಡಿದುಕೊಂಡು ಕೂರುತ್ತಿದ್ದುದು ನನ್ನನ್ನು ಬಹಳ ದಿನ ಕಾಡಿತ್ತು. ಆ ಇಪ್ಪತ್ತನಾಲ್ಕೂವರೆ ಬ್ಯಾರೆಲ್ಲಿಗೂ ಆ ನೀಲಿ ಆಕಾಶಕ್ಕೂ ಸಂಬಂಧವಿದೆ ಎಂಬುದು ನನಗೆ ಹೊಳೆದದ್ದು ರೈಲು ಹತ್ತಿ ಕುಳಿತ ಮೇಲೆ. ಅದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಒಂದು ವರ್ಷವೇ ಹಿಡಿಯಿತು.

ತೀರದೆ ಉಳಿದ ಸಾಲ

ಓಝೋನ್ ಎಂದೊಡನೆ ಭೂಮಿಯನ್ನು ಕಾಯುವ ಪದರ ಎಂಬ ಶಾಲೆಯ ಪಾಠ ಎಲ್ಲರಿಗೂ ನೆನಪಾಗುತ್ತದೆ. ಅದು ನಿಜವೇ, ಆದರೆ ಆ ಪದರ ನಮ್ಮ ತಲೆಯ ಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರಿಗೂ ಎತ್ತರದಲ್ಲಿರುವಂಥದು. ಅದೇ ಅನಿಲ ಮೂಗಿನ ಮಟ್ಟದಲ್ಲಿ ಹುಟ್ಟಿಕೊಂಡರೆ ಶ್ವಾಸಕೋಶವನ್ನು ಸುಡುತ್ತದೆ. 1839ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ವಾಸನೆಯಿಂದಲೇ ಗುರುತಿಸಿ, ಗ್ರೀಕ್ ಭಾಷೆಯಲ್ಲಿ ವಾಸನೆ ಬೀರು ಎಂಬರ್ಥದ ಪದದಿಂದ ಹೆಸರಿಟ್ಟ. ಹಳೆಯ ಜೆರಾಕ್ಸ್ ಯಂತ್ರ ಬಿಡುವಿಲ್ಲದೆ ಓಡುತ್ತಿದ್ದ ಅಂಗಡಿಗಳಲ್ಲಿ ಮೂಗಿಗೆ ಬಡಿಯುತ್ತಿದ್ದ ತೀಕ್ಷ್ಣ ವಾಸನೆ ಅದರದೇ. ಆದರೆ ಊರಿನ ಬಯಲು ಗಾಳಿಯಲ್ಲಿ ಅಷ್ಟು ಸಾಂದ್ರವಾಗಿ ಇರುವುದಿಲ್ಲವಾದ್ದರಿಂದ ಹಾನಿ ಮಾಡುವ ಪ್ರಮಾಣದಲ್ಲಿದ್ದರೂ ನಮಗೆ ಗೊತ್ತಾಗುವುದಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಅನಿಲವಾದ್ದರಿಂದ ಮೂಗು, ಗಂಟಲುಗಳ ತೇವ ಅದನ್ನು ಪೂರ್ತಿ ತಡೆಯಲಾರದು, ಶ್ವಾಸಕೋಶದ ಆಳದ ಸಣ್ಣ ಕವಲುಗಳವರೆಗೂ ಇಳಿಯುತ್ತದೆ. ಧೂಳಿಗೆ ಹಾಕಿಕೊಳ್ಳುವ ಎನ್-95 ಮಾಸ್ಕ್ ಕೂಡ ಅನಿಲವನ್ನು ಹಿಡಿಯುವುದಿಲ್ಲ. ಇದು ತಿಳಿದ ದಿನ, ಅಮ್ಮನಿಗೆ ಡಜನ್ನುಗಟ್ಟಲೆ ಮಾಸ್ಕ್ ತಂದುಕೊಟ್ಟು ನಿಶ್ಚಿಂತೆಯಿಂದಿದ್ದ ನನಗೆ ಬಹಳ ಸಂಕಟವಾಯಿತು.

ಯಾವ ಕಾರ್ಖಾನೆಯ ಚಿಮಣಿಯಿಂದಲೂ, ಯಾವ ವಾಹನದ ಸೈಲೆನ್ಸರಿನಿಂದಲೂ ಈ ಓಝೋನ್ ನೇರವಾಗಿ ಹೊರಬರುವುದಿಲ್ಲ. ಅದು ಗಾಳಿಯಲ್ಲೇ, ಬಿಸಿಲಿನಲ್ಲಿ ತಯಾರಾಗುತ್ತದೆ. ಇದರ ರಸಾಯನಕ್ರಿಯೆಯನ್ನು ನಾನು ಅರ್ಥಮಾಡಿಕೊಂಡದ್ದು ನನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ, ಸಾಲ ಮತ್ತು ವಸೂಲಿಯ ಭಾಷೆಯಲ್ಲಿ. ಇಂಜಿನ್ನು, ಡಿಜಿ (ಡೀಸೆಲ್ ಜನರೇಟರ್), ಬಾಯ್ಲರು ಹೀಗೆ ಹೆಚ್ಚು ಕಾವಿನಲ್ಲಿ ಏನೇ ಉರಿದರೂ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಬಿದ್ದಾಗ ಡೈಆಕ್ಸೈಡ್ ತನ್ನಲ್ಲಿರುವ ಎರಡು ಆಮ್ಲಜನಕ ಪರಮಾಣುಗಳಲ್ಲಿ ಒಂದನ್ನು ಬಿಟ್ಟುಕೊಡುತ್ತದೆ. ಆ ಒಂಟಿ ಪರಮಾಣು ನಾವು ಉಸಿರಾಡುವ ಆಮ್ಲಜನಕದ ಜೊತೆ ಸೇರಿದರೆ ಓಝೋನ್. ವ್ಯವಹಾರ ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಏಕೆಂದರೆ ಪರಮಾಣು ಕಳೆದುಕೊಂಡು ನೈಟ್ರಿಕ್ ಆಕ್ಸೈಡ್ ಆದದ್ದು ಮರಳಿ ಬಂದು ಓಝೋನಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ, ಕೊಟ್ಟದ್ದು ವಸೂಲಾಗಿ ಲೆಕ್ಕ ಚುಕ್ತಾ ಆಗುತ್ತದೆ. ಥಿನ್ನರು, ಪೆಟ್ರೋಲು, ಬಣ್ಣ, ಗೋಂದು, ಮುದ್ರಣದ ಶಾಯಿ ಇವುಗಳಿಂದ ಏಳುವ ಆವಿಗಳು ಗಾಳಿಗೆ ಸೇರಿದಾಗ ಮಧ್ಯದಲ್ಲಿ ಬೇರೆಯವರು ಬಂದು ಸಾಲ ತೀರಿಸಿದಂತಾಗುತ್ತದೆ. ಆ ಆವಿಗಳು ಬಿಸಿಲಿನಲ್ಲಿ ಒಡೆದು ನೈಟ್ರಿಕ್ ಆಕ್ಸೈಡಿಗೆ ಬೇಕಾದ ಆಮ್ಲಜನಕವನ್ನು ತಾವೇ ಒದಗಿಸುತ್ತವೆ. ಅದಕ್ಕೆ ಓಝೋನಿನ ಬಳಿ ವಸೂಲಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಹೊಸದಾಗಿ ಸಿಕ್ಕ ಪರಮಾಣುವನ್ನು ಬಿಸಿಲಿಗೆ ಮತ್ತೆ ಸಾಲ ಕೊಡುತ್ತದೆ. ಹೀಗೆ ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಗಾಳಿಯಲ್ಲಿ ಓಝೋನ್ ಬಾಕಿಯಾಗಿ ಬೆಳೆಯುತ್ತಲೇ ಹೋಗುತ್ತದೆ.

ಇದನ್ನು ಕಂಡುಹಿಡಿದ ಕಥೆಯಲ್ಲೂ ಮೊದಲು ದೂರು ಹೊತ್ತದ್ದು ಕಣ್ಣೆದುರಿಗಿದ್ದ ಒಂದು ಕಾರ್ಖಾನೆಯೇ. 1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧದ ಕಾಲವಾದ್ದರಿಂದ ಕೆಲವರು ಶತ್ರುಗಳ ವಿಷಾನಿಲ ದಾಳಿಯೆಂದು ಹೆದರಿದ್ದರು. ಆಮೇಲೆ ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈಯೀನ್ ತಯಾರಿಸುತ್ತಿದ್ದ ಘಟಕವೊಂದರ ಮೇಲೆ ಅನುಮಾನ ಹೋಯಿತು. ಅದನ್ನು ಸ್ವಲ್ಪ ಕಾಲ ನಿಲ್ಲಿಸಿದರೂ ಮಬ್ಬು ಕಡಿಮೆಯಾಗಲಿಲ್ಲ. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ವಿಜ್ಞಾನಿ 1950ರ ದಶಕದ ಆರಂಭದಲ್ಲಿ, ವಾಹನಗಳ ಮತ್ತು ತೈಲ ಶುದ್ಧೀಕರಣಾಗಾರಗಳ ಆವಿ, ನೈಟ್ರೋಜನ್ ಆಕ್ಸೈಡುಗಳು, ಬಿಸಿಲು ಇವು ಸೇರಿ ಓಝೋನ್ ಆಗುತ್ತದೆ ಎಂದು ತೋರಿಸಿದರು. ಎಳೆದು ಬಗ್ಗಿಸಿದ ರಬ್ಬರಿನ ಪಟ್ಟಿಯಲ್ಲಿ ಬಿರುಕು ಮೂಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರಿಂದ ಆ ಕಾಲದಲ್ಲಿ ಓಝೋನನ್ನು ಅಂದಾಜು ಮಾಡುತ್ತಿದ್ದರು. ಬಿಗಿದ ರಬ್ಬರನ್ನು ಸೀಳುವ ಗಾಳಿ ಮಗುವಿನ ಶ್ವಾಸಕೋಶವನ್ನು ಸುಮ್ಮನೆ ಬಿಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆನಿಸಲಿಲ್ಲ.

ಬೂತಿನ ಗೋಡೆಯ ಮೇಲೆ ಹರಿಯುವ ನೀರು

ಥಿನ್ನರನ್ನು ನಾನು ಬಿಲ್ಲಿನಲ್ಲಿ ನೋಡುವುದಕ್ಕೆ ಎಷ್ಟೋ ವರ್ಷ ಮೊದಲು ಅಪ್ಪನ ಅಂಗಿಯಲ್ಲಿ ಮೂಸಿದ್ದೆ. ಅಪ್ಪ ಮೂವತ್ತೊಂದು ವರ್ಷ ಪೀಣ್ಯದ ಒಂದೇ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ದುಡಿದವರು. ಆಯುಧಪೂಜೆಯ ದಿನ ಪೀಣ್ಯ ಬೇರೆಯೇ ಊರಾಗುತ್ತದೆ. ಯಂತ್ರಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಮನೆಯವರನ್ನೆಲ್ಲ ಒಳಗೆ ಬಿಡುತ್ತಾರೆ. ಬೇರೆ ದಿನಗಳಲ್ಲಿ ಗೇಟಿನ ಹೊರಗೇ ನಿಲ್ಲಬೇಕಾದ ಮಕ್ಕಳು ಅಂದು ಕಡ್ಲೆಪುರಿಯ ಪೊಟ್ಟಣ ಹಿಡಿದು ಒಳಗೆಲ್ಲ ಓಡಾಡಬಹುದು. ನನಗೆ ಒಂಬತ್ತು ವರ್ಷವಾಗಿದ್ದ ಸಲದ ಹಬ್ಬದಲ್ಲಿ ಅಪ್ಪ ನನ್ನ ಕೈ ಹಿಡಿದು ಬಣ್ಣ ಹೊಡೆಯುವ ತಮ್ಮ ಬೂತಿನ ಮುಂದೆ ನಿಲ್ಲಿಸಿದರು. ಪೂಜೆಯಾದ ಮೇಲೆ ಯಂತ್ರಗಳನ್ನು ಮುಟ್ಟುವಂತಿಲ್ಲವಾದ್ದರಿಂದ, ಪುರೋಹಿತರು ಬರುವ ಮೊದಲೇ ತೋರಿಸುತ್ತೇನೆಂದು ಸ್ವಿಚ್ ಒತ್ತಿದರು. ಬೂತಿನ ಹಿಂಗೋಡೆಯ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ತೆಳುವಾದ ನೀರಿನ ಪರದೆಯೊಂದು ಇಳಿಯತೊಡಗಿತು. ಕೆಳಗಿನ ತೊಟ್ಟಿಯಲ್ಲಿ ಹಸಿರು, ಕೆಂಪು, ಬೂದು ಬಣ್ಣದ ಕೆನೆ ತೇಲುತ್ತಿತ್ತು. ಮೇಲೆ ದೊಡ್ಡ ಫ್ಯಾನು, ಅದರಿಂದ ಛಾವಣಿ ಸೀಳಿಕೊಂಡು ಹೊರಗೆ ಹೋಗುವ ತಗಡಿನ ಪೈಪು. ನನಗಂತೂ ಅದು ಮನೆಯೊಳಗೆ ತಂದಿಟ್ಟ ಜಲಪಾತದಂತೆ ಕಂಡಿತು.

"ನಾವು ಗನ್ ಹೊಡೀವಾಗ ಹಾರೋ ಬಣ್ಣನೆಲ್ಲ ಈ ನೀರು ಹಿಡ್ಕೊಳ್ಳುತ್ತೆ ಮಗಾ. ಹೊರಗೆ ಹೋಗೋದು ಚೊಕ್ಕಟ ಗಾಳಿ," ಎಂದು ಅಪ್ಪ ಹೇಳಿದರು. ಮೂಲೆಯಲ್ಲಿ ನಿಂತಿದ್ದ ನೀಲಿ ಬ್ಯಾರೆಲ್ ಮೇಲೂ ಯಾರೋ ವಿಭೂತಿ, ಕುಂಕುಮ ಹಚ್ಚಿದ್ದರು. ಬೆರಳಿನಿಂದ ತಟ್ಟಿದೆ, ಟೊಳ್ಳು ಸದ್ದು ಬಂತು. ಇದರಲ್ಲಿದ್ದುದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, "ಹಾರಿಹೋಯ್ತು," ಎಂದರು. ಥಿನ್ನರಿನ ವಿಷಯದಲ್ಲಿ ಪೀಣ್ಯದ ಎಲ್ಲ ಪೇಂಟರುಗಳೂ ಇಂದಿಗೂ ಬಳಸುವ ಮಾತು ಅದೇ.

ಅಪ್ಪನ ಮಾತಿನಲ್ಲಿ ಅರ್ಧ ನಿಜವಿತ್ತು. ನೀರಿನ ಪರದೆ ಬಣ್ಣದ ಹನಿಗಳನ್ನು ಹಿಡಿಯುತ್ತದೆ, ಅದಕ್ಕೆಂದೇ ಅದನ್ನು ಮಾಡಿರುವುದು. ಆದರೆ ಥಿನ್ನರಿನಲ್ಲಿರುವ ಟೊಲ್ಯೂಯೀನ್, ಝೈಲೀನ್ ಎಂಬ ದ್ರವಗಳು ನೀರಿನಲ್ಲಿ ಕರಗುವುದು ಇಲ್ಲವೆಂಬಷ್ಟು ಕಡಿಮೆ. ಅವುಗಳ ಆವಿ ಆ ಜಲಪಾತವನ್ನು ದಾಟಿ, ಫ್ಯಾನಿನ ಮೂಲಕ ಪೈಪು ಹತ್ತಿ ಹೊರಗೆ ಹೋಗುತ್ತದೆ. ಗನ್ನಿನಿಂದ ಹೊರಟಾಗ ಹಾರದೆ ಉಳಿದದ್ದು ಬಣ್ಣ ಒಣಗಿಸುವ ಓವನ್ನಿನಲ್ಲಿ ಹಾರುತ್ತದೆ. ಪೈಪಿನ ಬಾಯಲ್ಲಿ ಹೊಗೆಯಾಗಲಿ ಬಣ್ಣವಾಗಲಿ ಕಾಣದಿದ್ದುದರಿಂದ ಅಪ್ಪನಿಗೂ, ಅವರ ಮೇಲಿನವರಿಗೂ ಅದು ಚೊಕ್ಕಟ ಗಾಳಿಯಾಗಿಯೇ ತೋರಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಜೆ ತಲೆನೋವೆಂದು ಮಲಗುತ್ತಿದ್ದ ಅಪ್ಪನಿಗೆ ಕಾರ್ಖಾನೆಯಲ್ಲಿ ದಿನಕ್ಕೊಂದು ಲೋಟ ಹಾಲು, ಒಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಯೊಳಗಿನ ಬಣ್ಣ ಇಳಿಯುತ್ತದೆ ಎಂಬ ನಂಬಿಕೆ ಕೆಲಸಗಾರರಿಗೂ ಇತ್ತು, ಕೊಡುವವರಿಗೂ ಇತ್ತು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಅಪ್ಪನಿಗೆ ಇಂದು ಒಗ್ಗರಣೆ ಸೀದದ್ದು ಗೊತ್ತಾಗುವುದಿಲ್ಲ. ಅಮ್ಮ ಗ್ಯಾಸಿನ ಬಳಿ ಅವರೊಬ್ಬರನ್ನೇ ಬಿಡುವುದಿಲ್ಲ.

ಕಳೆದ ವರ್ಷ ಒಂದು ಭಾನುವಾರ ಅಪ್ಪನ ಪಕ್ಕ ಕುಳಿತು, ಅವರ ಕಾಲದಲ್ಲಿ ತಿಂಗಳಿಗೆ ಎಷ್ಟು ಬ್ಯಾರೆಲ್ ಆಗುತ್ತಿತ್ತೆಂದು ವಿಚಾರಿಸಿದೆ. ಸ್ಟೋರ್ಸಿನ ಇಂಡೆಂಟ್ (ಬೇಡಿಕೆ ಚೀಟಿ) ಬರೆಯುತ್ತಿದ್ದವರು ಅವರೇ ಆದ್ದರಿಂದ ಯೋಚಿಸಲೇ ಇಲ್ಲ. "ಮಳೆಗಾಲದಲ್ಲಿ ಮೂರು, ಬೇಸಿಗೇಲಿ ನಾಲ್ಕು," ಎಂದರು. ಬೇಸಿಗೆಯಲ್ಲಿ ಹೆಚ್ಚು ಏಕೆ ಎಂದಾಗ, ಸಣ್ಣ ಮಕ್ಕಳಿಗೆ ಹೇಳುವಂತೆ ವಿವರಿಸಿದರು: "ಬಿಸ್ಲಿಗೆ ಬೇಗ ಹಾರುತ್ತಲ್ಲಮ್ಮ. ಗನ್ನಿಂದ ತಗಡಿಗೆ ಹೋಗೋದ್ರೊಳಗೆ ಬಣ್ಣ ಒಣಗಿ ಪುಡಿ ಪುಡಿಯಾಗುತ್ತೆ. ಇನ್ನಷ್ಟು ಥಿನ್ನರ್ ಬಿಟ್ಟು ತೆಳು ಮಾಡ್ಕೋಬೇಕು." ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಓಝೋನ್ ಹುಟ್ಟಲು ತಕ್ಕ ಬಿಸಿಲಿರುವ ತಿಂಗಳುಗಳಲ್ಲೇ ಥಿನ್ನರ್ ಹೆಚ್ಚು ಸುರಿಯಬೇಕಾಗುತ್ತದೆ ಎಂಬುದನ್ನು ನಾನು ಎಲ್ಲಿಯೂ ಓದಿರಲಿಲ್ಲ. ಅಪ್ಪ ಮೂರು, ನಾಲ್ಕು ಎಂಬ ಎರಡು ಅಂಕಿಗಳಲ್ಲಿ ಅದನ್ನು ಹೇಳಿಬಿಟ್ಟರು. ಬ್ಯಾರೆಲ್ಲಿಗೆ 200 ಲೀಟರ್. ಟೊಲ್ಯೂಯೀನಿನ ಲೀಟರೊಂದು ಸುಮಾರು 870 ಗ್ರಾಂ ತೂಗುತ್ತದೆ, ಆ ಲೆಕ್ಕ ಹಿಡಿದರೆ ಬೇಸಿಗೆಯ ಒಂದು ತಿಂಗಳಿಗೆ ಹತ್ತಿರ ಹತ್ತಿರ 700 ಕಿಲೋ. ಒಂದು ಮಧ್ಯಮ ಗಾತ್ರದ ಕಾರ್ಖಾನೆ, ಒಂದು ಪೇಂಟ್ ಶಾಪು, ವರ್ಷಕ್ಕೆ ಸುಮಾರು ಏಳು ಟನ್ ಆವಿ.

3814

ಇದೇ ಪೀಣ್ಯದಲ್ಲಿ ಡೀಸೆಲ್ ಜನರೇಟರ್ ಇಡಬೇಕಾದರೆ ಅದರ ಚಿಮಣಿ ಎಷ್ಟು ಎತ್ತರವಿರಬೇಕೆಂಬುದಕ್ಕೆ ಸೂತ್ರವಿದೆ. ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ, ಬಂದಷ್ಟು ಮೀಟರನ್ನು ಕಟ್ಟಡದ ಎತ್ತರಕ್ಕೆ ಕೂಡಿಸಬೇಕು. 100 ಕೆವಿಎ ಡಿಜಿಗೆ ಕಟ್ಟಡಕ್ಕಿಂತ ಎರಡು ಮೀಟರ್ ಮೇಲೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಅನುಮತಿ) ನವೀಕರಣದ ಕಾಗದಗಳ ಜೊತೆ ಚಿಮಣಿಯ ಪರೀಕ್ಷಾ ವರದಿಯನ್ನು ನಾನೇ ಎಷ್ಟೋ ಸಲ ಲಗತ್ತಿಸಿದ್ದೇನೆ. ಇವೆಲ್ಲ ಬೇಕಾದವೇ. ಆದರೆ ನಾನು ಲೆಕ್ಕ ನೋಡುವ ಸಣ್ಣ ಘಟಕಗಳಲ್ಲಿ ಥಿನ್ನರಿನ ಆವಿಯನ್ನು ಅಳೆಯಲು ಯಾರೂ ಬಂದದ್ದನ್ನು ಕಂಡಿಲ್ಲ. ಬೂತಿನ ಪೈಪಿನಲ್ಲಿ, ತೆರೆದಿಟ್ಟ ಟಿನ್ನುಗಳಲ್ಲಿ, ಗನ್ನು ತೊಳೆಯುವ ಬಕೆಟ್ಟಿನಲ್ಲಿ, ಒಣಗಲು ಸಾಲಾಗಿ ನೇತುಹಾಕಿದ ಸರಕಿನ ಮೈಯಲ್ಲಿ, ಹೀಗೆ ಎಲ್ಲೆಂದರಲ್ಲಿ ಏಳುವ ಆವಿಯನ್ನು ಒಂದು ಯಂತ್ರ ಹಿಡಿದು ಅಳೆಯುವುದು ಸುಲಭವೂ ಅಲ್ಲ.

ಅಳೆಯುವ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಈ ಇಡೀ ಬರಹವನ್ನು ನಾನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಥಿನ್ನರಿನ ಗುಣವೇ ಹಾರಿಹೋಗುವುದಾದ್ದರಿಂದ, ಕೊಂಡದ್ದರಲ್ಲಿ ಉಳಿದದ್ದನ್ನು ಕಳೆದರೆ ಹಾರಿದ್ದು ಎಷ್ಟೆಂದು ತಿಳಿಯುತ್ತದೆ. ಕೊಂಡದ್ದೆಷ್ಟು ಎಂಬುದು ಸರ್ಕಾರಕ್ಕೆ ಈಗಾಗಲೇ ಗೊತ್ತಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಪ್ರತಿ ಸರಕಿಗೂ ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ, ನಮೂದಾಗುತ್ತದೆ. ಥಿನ್ನರಿನದು 3814. ಮಾರುವವರು ಸಲ್ಲಿಸುವ ಮಾರಾಟದ ಲೆಕ್ಕಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ಸಂಖ್ಯೆವಾರು ಸಾರಾಂಶದ ಕೋಷ್ಟಕವೊಂದಿದ್ದು, ಅದರಲ್ಲಿ ಮೌಲ್ಯದ ಜೊತೆಗೆ ಪರಿಮಾಣವನ್ನೂ ತುಂಬಬೇಕು. ಥಿನ್ನರ್ ಬೆರೆಸಿ ಹೊಡೆಯುವ ಬಗೆಯ ಬಣ್ಣ 3208ರಲ್ಲಿ ಬರುತ್ತದೆ, ನೀರು ಬೆರೆಸುವ ಬಣ್ಣ 3209ರಲ್ಲಿ, ಮುದ್ರಣದ ಶಾಯಿ 3215ರಲ್ಲಿ. ತೆರಿಗೆಗೆಂದು ಮಾಡಿದ ಈ ವಿಂಗಡಣೆ, ಯಾವ ಪ್ರದೇಶದಲ್ಲಿ ಗಾಳಿಯಲ್ಲಿ ಹಾರುವ ವಸ್ತು ಎಷ್ಟು ಮಾರಾಟವಾಗುತ್ತಿದೆ, ನೀರಿನ ಬಣ್ಣದ ಪಾಲು ಎಷ್ಟು ಏರಿದೆ ಎಂಬುದನ್ನು ತಿಂಗಳು ತಿಂಗಳೂ ಹೇಳಬಲ್ಲದು. ತೆರಿಗೆಯ ದಫ್ತರದ ಅಂಕಿ ಮಾಲಿನ್ಯದ ದಫ್ತರದ ಮೇಜಿಗೆ ಬರಬೇಕು, ಅಷ್ಟೇ. ಒಬ್ಬೊಬ್ಬ ವ್ಯಾಪಾರಿಯ ಗುಟ್ಟನ್ನು ಬಿಚ್ಚಿಡಬೇಕಿಲ್ಲ, ಪಿನ್‌ಕೋಡಿಗೊಂದು ಮೊತ್ತ ಸಾಕು.

ಈ ಲೆಕ್ಕದಲ್ಲಿ ತೂತುಗಳಿಲ್ಲವೆಂದು ನಾನು ಹೇಳುವುದಿಲ್ಲ, ಲೆಕ್ಕದ ಕೆಲಸದಲ್ಲಿರುವ ನನಗೆ ಅವು ಬೇರೆಯವರಿಗಿಂತ ಚೆನ್ನಾಗಿ ಕಾಣುತ್ತವೆ. ಬಿಲ್ಲಿಲ್ಲದೆ ಕ್ಯಾನಿನಲ್ಲಿ ಕೊಳ್ಳುವವರಿದ್ದಾರೆ. ಗನ್ನು ತೊಳೆದ ಕೊಳೆ ಥಿನ್ನರನ್ನು ಬಟ್ಟಿ ಇಳಿಸಿ ಮತ್ತೆ ಮಾರುವವರಿದ್ದಾರೆ. ತೊಟ್ಟಿಯ ಕೆಸರಿನೊಳಗೆ ಒಂದಿಷ್ಟು ಉಳಿದುಹೋಗುತ್ತದೆ. ಪರಿಮಾಣದ ಕಾಲಮಿನಲ್ಲಿ ಬ್ಯಾರೆಲ್ಲಿನ ಸಂಖ್ಯೆಯನ್ನೇ ಲೀಟರ್ ಎಂದು ತುಂಬುವ ಅವಸರದವರೂ ಇದ್ದಾರೆ. ಇನ್ನು, ಎಲ್ಲ ಆವಿಯೂ ಒಂದೇ ಬಲದ್ದಲ್ಲ. ಕಿಲೋಗೆ ಕಿಲೋ ಹೋಲಿಸಿದರೆ ಝೈಲೀನ್ ಹುಟ್ಟಿಸುವಷ್ಟು ಓಝೋನನ್ನು ಟೊಲ್ಯೂಯೀನ್ ಹುಟ್ಟಿಸುವುದಿಲ್ಲ, ಅಸಿಟೋನ್ ಅಂತೂ ಬಹಳ ನಿಧಾನ. ಕ್ಯಾನ್ಸರ್ ತರುವ ಬೆಂಜೀನ್ ಓಝೋನಿನ ಮಟ್ಟಿಗೆ ಅಷ್ಟೇನೂ ಚುರುಕಲ್ಲ, ಆದ್ದರಿಂದ ಒಂದೇ ಪಟ್ಟಿಯಿಂದ ಎರಡು ಕೆಡುಕನ್ನು ತೂಗಲು ಬರುವುದಿಲ್ಲ. ಇಷ್ಟೆಲ್ಲ ಇದ್ದರೂ ನೂರಕ್ಕೆ ಇಪ್ಪತ್ತು ಪಾಲು ತಪ್ಪಿರಬಹುದಾದ ಲೆಕ್ಕ, ಇಲ್ಲದ ಲೆಕ್ಕಕ್ಕಿಂತ ಎಷ್ಟೋ ಮೇಲು. ಬ್ಯಾಲೆನ್ಸ್ ಶೀಟಿನ ಒಂದು ಇಡೀ ಕಾಲಮನ್ನು ಖಾಲಿ ಬಿಟ್ಟು ಸಹಿ ಹಾಕಿ ಎಂದರೆ ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ.

ಥಿನ್ನರಿನದೇ ಎಲ್ಲ ಪಾಪವೆಂದು ಹೊರಿಸುವ ಉದ್ದೇಶವೂ ನನಗಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ನೈಟ್ರೋಜನ್ ಆಕ್ಸೈಡುಗಳ ದೊಡ್ಡ ಮೂಲ ಅವೇ. ಕಡಿಮೆ ಹೊಗೆಯ ಬಿಎಸ್-6 ಇಂಜಿನ್ನುಗಳು 2020ರ ಏಪ್ರಿಲ್‌ನಿಂದ ಬಂದಿದ್ದರೂ ತುಮಕೂರು ರಸ್ತೆಯಲ್ಲಿ ಹಳೆಯ ಲಾರಿಗಳು ಇನ್ನೂ ಬೇಕಾದಷ್ಟಿವೆ. ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ ಬಿಸಿಲಿನಲ್ಲಿ ಟ್ಯಾಂಕಿನ ಬಾಯಿಯ ನೆರಳನ್ನು ನೆಲದ ಮೇಲೆ ನೋಡಿ; ಕಣ್ಣಿಗೆ ಕಾಣದ ಆವಿಯ ನೆರಳು ಅಲ್ಲಿ ಅಲೆಯಲೆಯಾಗಿ ಆಡುವುದು ಕಾಣಿಸುತ್ತದೆ. ರಸ್ತೆ ಬದಿಯಲ್ಲಿ ಎಲೆ ಗುಡಿಸಿ ಹಚ್ಚುವ ಬೆಂಕಿ, ಕಸದ ಬೆಂಕಿ, ಮನೆಗಳಿಗೆ ಬಳಿಯುವ ಆಯಿಲ್ ಪೇಂಟು ಎಲ್ಲವೂ ಇದಕ್ಕೆ ಸೇರುತ್ತವೆ. ಆದರೆ ವಾಹನಗಳ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ಬ್ಯಾರೆಲ್ಲಿನ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಮಾತಾಡುವವರನ್ನು ನಾನು ಕಂಡಿಲ್ಲ.

ಗಾಳಿ ಹೋದ ದಿಕ್ಕು

2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಪೀಣ್ಯ ನಿಶ್ಶಬ್ದವಾಗಿತ್ತು. ಅಂಥ ಆಕಾಶವನ್ನು ಈ ಊರಿನಲ್ಲಿ ಕಂಡದ್ದೇ ಇಲ್ಲವೆಂದು ಎಲ್ಲರೂ ಹೇಳಿದರು. ಆ ದಿನಗಳಲ್ಲಿ ಪ್ರಪಂಚದ ಅನೇಕ ನಗರಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಗಣನೀಯವಾಗಿ ಇಳಿದರೂ ಓಝೋನ್ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ, ಎಷ್ಟೋ ಕಡೆ ಏರಿತು. ಸಾಲದ ಮಾತಿನಲ್ಲೇ ಹೇಳುವುದಾದರೆ, ವಸೂಲಿಗೆ ಬರುವ ನೈಟ್ರಿಕ್ ಆಕ್ಸೈಡ್ ಬೀದಿಯಲ್ಲಿ ಕಡಿಮೆಯಾದಾಗ ಬಾಕಿ ಹಾಗೆಯೇ ಉಳಿಯಿತು. ಇದೇ ಕಾರಣಕ್ಕೆ ಲಾರಿಗಳು ಹೊಗೆಯುಗುಳುವ ರಸ್ತೆಯ ಅಂಚಿನಲ್ಲಿ ಓಝೋನ್ ಕಡಿಮೆಯಿದ್ದು, ಅದೇ ಗಾಳಿ ಊರು ದಾಟಿ ಹಳ್ಳಿಯ ಕಡೆ ಹೋದಂತೆ ಹೆಚ್ಚಾಗುತ್ತದೆ. ವಾಹನದ ಹೊಗೆಯೊಂದನ್ನೇ ಕಡಿಮೆ ಮಾಡಿ ಆವಿಗಳನ್ನು ಹಾಗೆಯೇ ಬಿಟ್ಟರೆ ನಗರದ ನಡುವೆ ಓಝೋನ್ ಒಂದಷ್ಟು ಕಾಲ ಏರಲೂಬಹುದು ಎಂಬ ತೊಡಕು ಇಲ್ಲಿದೆ. ಎರಡನ್ನೂ ಜೊತೆಜೊತೆಗೆ ಇಳಿಸಬೇಕು. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಸೇರಿದೆ. ಅದು ಗುರಿಯಿಟ್ಟಿರುವುದು ಧೂಳು ಮತ್ತು ಹೊಗೆಯ ಕಣಗಳನ್ನು ಇಷ್ಟು ಪಾಲು ಇಳಿಸಬೇಕೆಂದು, ಓಝೋನಿಗೆ ಅಂಥ ಗುರಿ ಅದರಲ್ಲಿಲ್ಲ. ಎಂಟು ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು, ಒಂದು ಗಂಟೆಯದು 180 ಮೀರಬಾರದು ಎಂಬ ಮಿತಿ ಮಾತ್ರ 2009ರಿಂದಲೂ ನಮ್ಮ ದೇಶದ ಮಾನದಂಡದಲ್ಲಿದೆ.

ಚಳಿಗಾಲದಲ್ಲಿ ಬೆಂಗಳೂರಿನ ಮೇಲೆ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ನಮ್ಮ ದೊಡ್ಡಪ್ಪನ ಜಮೀನಿರುವುದು ಪೀಣ್ಯಕ್ಕೆ ಪಡುವಣದಲ್ಲಿ, ಮಾಗಡಿಯ ದಿಕ್ಕಿನಲ್ಲಿ. ಕಳೆದ ಸಂಕ್ರಾಂತಿಗೆ ಹೋದಾಗ ಅವರ ಬೀನ್ಸ್ ಸಾಲಿನಲ್ಲಿ ನಿಂತು ಎಲೆಗಳನ್ನು ಮಗುಚಿ ನೋಡಿದೆ. ಎಲೆಯ ಮೇಲ್ಮೈಯಲ್ಲಿ ನರಗಳ ನಡುವೆ ಸಣ್ಣ ಸಣ್ಣ ಕಂದು ಚುಕ್ಕೆಗಳಿದ್ದವು, ನರಗಳು ಮಾತ್ರ ಹಸಿರಾಗಿದ್ದವು. ಬೀನ್ಸ್ ಗಿಡ ಓಝೋನಿಗೆ ಬಹಳ ಬೇಗ ಬಾಡುವಂಥದೆಂದೂ, ಅದರ ಗುರುತು ಹೀಗೆ ಇರುತ್ತದೆಂದೂ ನಾನು ಓದಿದ್ದೆ. ನುಸಿ ಬಿದ್ದರೂ ಹೆಚ್ಚುಕಡಿಮೆ ಇಂಥದೇ ಚುಕ್ಕೆ ಬರುತ್ತದೆ. "ಎಣ್ಣೆ ಹೊಡೆದ್ರೂ ಹೋಗ್ಲಿಲ್ಲ ಕಣವ್ವಾ," ಎಂದಷ್ಟೇ ದೊಡ್ಡಪ್ಪ ಹೇಳಿದರು. ಅವರ ಮಾತಿಗೆ ಎಣ್ಣೆಯೆಂದರೆ ಕೀಟನಾಶಕ. ಅದರ ಬಿಲ್ಲು ಅವರ ಜೇಬಿನಲ್ಲಿತ್ತು. ನಾನು ಒಂದು ಎಲೆಯನ್ನು ಕಿತ್ತು ಡೈರಿಯ ಹಾಳೆಗಳ ನಡುವೆ ಇಟ್ಟುಕೊಂಡು ಬಂದೆ.

ಈ ಸಲದ ಮಾರ್ಚಿನಲ್ಲಿ

ನಾನು ಲೆಕ್ಕ ನೋಡುವ ಘಟಕಗಳಲ್ಲಿ ಒಂದು, ಎರಡು ವರ್ಷದ ಹಿಂದೆ ಪೌಡರ್ ಕೋಟಿಂಗಿಗೆ ಬದಲಾಯಿತು. ಅಲ್ಲಿ ಥಿನ್ನರಿನ ಮಾತೇ ಇಲ್ಲ. ಒಣ ಪುಡಿಯನ್ನು ವಿದ್ಯುದಾವೇಶದಿಂದ ತಗಡಿಗೆ ಅಂಟಿಸಿ, 180ರಿಂದ 200 ಡಿಗ್ರಿ ಕಾವಿನ ಓವನ್ನಿನಲ್ಲಿ ಕರಗಿಸಿ ಗಟ್ಟಿಮಾಡುತ್ತಾರೆ. ಅಂಟದೆ ಉದುರಿದ ಪುಡಿಯನ್ನು ಒಟ್ಟುಮಾಡಿ ಮತ್ತೆ ಬಳಸುತ್ತಾರೆ. ಓನರನ್ನು ಬದಲಾವಣೆಗೆ ಕಾರಣ ಕೇಳಿದಾಗ ಅವರು ಗಾಳಿಯ ವಿಷಯ ಎತ್ತಲಿಲ್ಲ. "ಥಿನ್ನರಿಗೆ ಹಾಕಿದ ದುಡ್ಡು ಹಾರಿಹೋಗುತ್ತೆ ಮೇಡಂ. ಪೌಡರ್ ಉದುರಿದ್ರೂ ನೆಲದ ಮೇಲೇ ಸಿಗುತ್ತೆ," ಎಂದರು. ಓವನ್ನಿಗೆ ಬ್ಯಾಂಕಿನಿಂದ ತಂದ ಸಾಲದ ಕಂತು ಇನ್ನೂ ನಡೆಯುತ್ತಿದೆ. ಪಕ್ಕದ ಶೆಡ್ಡಿನವರಿಗೆ ಅಂಥ ಸಾಲ ಸಿಗಲಿಲ್ಲ. ಅಲ್ಲದೆ ಅವರಿಗೆ ಬರುವ ದೊಡ್ಡ ಗಾತ್ರದ ಜಾಬುಗಳು ಯಾವ ಓವನ್ನಿನೊಳಗೂ ಹಿಡಿಸುವಂಥವಲ್ಲ. ಅವರಂಥವರಿಗೆ ನೀರಿನ ಬಣ್ಣ, ಕಡಿಮೆ ಒತ್ತಡದ ಗನ್ನು, ಮುಚ್ಚಳ ಮುಚ್ಚಿದ ಟಿನ್ನು, ಗನ್ನು ತೊಳೆಯಲು ಮುಚ್ಚಿದ ಪೆಟ್ಟಿಗೆ, ಆವಿ ಹಿಡಿಯುವ ಇದ್ದಿಲಿನ ಫಿಲ್ಟರು ಇಂಥ ದಾರಿಗಳಿವೆ. ಎಲ್ಲದಕ್ಕೂ ದುಡ್ಡು ಬೇಕು. ಮುಚ್ಚಳಕ್ಕೆ ಮಾತ್ರ ಬೇಡವಾದ್ದರಿಂದ ಈಗ ನಾನು ಹೋದ ಕಡೆಯೆಲ್ಲ ಮುಚ್ಚಳದ ಮಾತು ಆಡುತ್ತೇನೆ.

ಮೊನ್ನೆ ಆ ಪಕ್ಕದ ಶೆಡ್ಡಿನಲ್ಲಿ ಕುಳಿತು ಫೆಬ್ರವರಿಯ ಬಿಲ್ಲುಗಳನ್ನು ಲೆಕ್ಕದ ಸಾಫ್ಟ್‌ವೇರ್ ಆದ ಟ್ಯಾಲಿಗೆ ಏರಿಸುತ್ತಿದ್ದಾಗ ಒಂದು ಗಂಟೆಯ ಊಟದ ಬೆಲ್ಲು ಹೊಡೆಯಿತು. ಎದುರಿನ ಗಾರ್ಮೆಂಟ್ಸಿನಿಂದ ಹೆಣ್ಣುಮಕ್ಕಳು ಡಬ್ಬಿ ಹಿಡಿದು ಹೊರಗೆ ಬಂದು, ಕಾಂಪೌಂಡಿನ ಬದಿಯ ಹೊಂಗೆ ಮರದ ಕೆಳಗೆ ಗುಂಪುಗುಂಪಾಗಿ ಕುಳಿತರು. ಒಳಗಿನ ಸೆಕೆಗಿಂತ ಹೊರಗಿನ ನೆರಳು ಹಿತವೆಂದು ಅವರು ದಿನವೂ ಅಲ್ಲೇ ಕೂರುತ್ತಾರೆ. ಅವರಲ್ಲೊಬ್ಬಳು ತುಂಬು ಗರ್ಭಿಣಿ, ಮರದ ಬೊಡ್ಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಹೊಂಗೆಯ ಹೊಸ ಚಿಗುರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು, ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ನನ್ನ ಪಕ್ಕದ ಗೋಡೆಯಾಚೆ ಕಂಪ್ರೆಸರ್ ಓಡುತ್ತಲೇ ಇತ್ತು. ಬಿಲ್ಲಿನಲ್ಲಿ 3814, ನಾಲ್ಕು ಬ್ಯಾರೆಲ್, 800 ಲೀಟರ್ ಎಂದಿತ್ತು. ಜನವರಿಯದು ಮೂರು. ಟ್ಯಾಲಿಯಲ್ಲಿ ಎಂದಿನಂತೆ 'ಬಳಕೆ' ಎಂದು ನಮೂದಿಸಿ, ಈಗ ಬೇರೆಯಾಗಿ ಇಟ್ಟುಕೊಂಡಿರುವ ನನ್ನ ನೋಟ್‌ಬುಕ್ಕಿನಲ್ಲಿ ಶೆಡ್ಡಿನ ಹೆಸರಿಲ್ಲದೆ, ತಿಂಗಳು ಮತ್ತು ಪಿನ್‌ಕೋಡು ಮಾತ್ರ ಹಾಕಿ, ಅದರ ಮುಂದೆ 696 ಕಿಲೋ ಎಂದು ಬರೆದುಕೊಂಡೆ. ಆ ಪುಟದಲ್ಲಿ ಈವರೆಗೆ ಹನ್ನೊಂದು ಶೆಡ್ಡುಗಳ ಲೆಕ್ಕವಿದೆ.